ಅಷ್ಟೂರಿನ ಇಳಿಜಾರು

ಚೌಬಾರಾದ ಕೆಳಗೆ ಏಳು ಸೈಕಲ್ಲು.
ಏಳಕ್ಕೆ ಅಂದರೆ ಏಳೂಮುಕ್ಕಾಲಕ್ಕೆ.
ಝರೆಪ್ಪ ಮಾಸ್ತರರ ಕಾನೂನು ಒಂದೇ:
"ಎಲ್ಲಾರಕಿಂತ ಸಾವಕಾಶ ತುಳಿಯವ್ರು ಮುಂದ ನಡೀಬೇಕು."
ಹೀಗಾಗಿ ನಾನೇ ಮುಂದೆ,
ಸೆರಗು ಸಿಕ್ಕಿಸಿ, ಮಗನ ಸ್ವೆಟರು ತೊಟ್ಟು.
ಹಿಂದೆ ಆರು ಬೆಲ್ಲು
ಬಾರಿಸದೆ ತಡೆದುಕೊಂಡಿವೆ.

ಕೆಂಪು ಮುರುಮು ಮುಗಿದು ಕರಿ ಹೊಲ ಶುರುವಾಗುವಲ್ಲಿ
ಇಳಿಜಾರು.
ನಸರೀನ್ ಎರಡೂ ಕಾಲು ಪೆಡಲಿನಿಂದೆತ್ತಿ
ಕಾನೂನು ದಾಟಿ, ನನ್ನನ್ನೂ ದಾಟಿ,
ಆಮೇಲೆ ಬರೀ ಕೂಗು.

ಮೇಲೆ ಏರ್‌ಫೋರ್ಸಿನ ವಿಮಾನ, ನಾಲ್ಕು,
ಸ್ಕೇಲಿಟ್ಟು ಗೆರೆ ಎಳೆದಂತೆ.
"ನೋಡ್ರಿ, ಹ್ಯಾಂಗ ಕೂಡಿ ಹೊಂಟಾವ!" ಅಂದರು ಮಾಸ್ತರರು.
ಕೆಳಗೆ ನಾವು:
ಒಬ್ಬನ ಚೈನು ಬಿದ್ದಿದೆ,
ಒಂದಕ್ಕೆ ಹೋದವನು ಸುಲಗಾಯಿ ಕಿತ್ತುಕೊಂಡು ಬರುತ್ತಿದ್ದಾನೆ,
ಹೊಲದಾಕೆ ಬೈಯುತ್ತ ಬೈಯುತ್ತಲೇ
ಇನ್ನೊಂದು ಹಿಡಿ ಅವನ ಕೈಗಿಡುತ್ತಿದ್ದಾಳೆ.

ಗುಮ್ಮಟಗಳ ಹತ್ತಿರ ಪಂಕ್ಚರು.
ಎಮ್ಮೆಯ ಬಾನಿಯಲ್ಲಿ ಟ್ಯೂಬು ಮುಳುಗಿಸಿ
ಏಳು ತಲೆ ಒಂದು ಗುಳ್ಳೆಗೆ ಕಾದವು.
ಎಮ್ಮೆಯೂ ಕಾಯಿತು.
ಸುಲ್ತಾನರ ನೆತ್ತಿಯ ಮೇಲೆ ಗಿಳಿಗಳ ಜಗಳ.
ಸಿಡಿಲು ಬಡಿದ ಗುಮ್ಮಟವೊಂದು
ಅರ್ಧ ಬಾಯ್ದೆರೆದು ನಿಂತಿದೆ,
ಅದಕ್ಕೆ ಯಾರೂ ತೇಪೆ ಹಚ್ಚಿಲ್ಲ.

ಅಲ್ಲೇ ಕಡಕ್ ರೊಟ್ಟಿ, ಪುಂಡಿಪಲ್ಯ, ಒಂದು ನಿದ್ದೆ.

ಹೊಳ್ಳಿ ಬರುವಾಗ ಅದೇ ಇಳಿಜಾರು ಏರು.
ಇಳಿದು ನೂಕತೊಡಗಿದೆ.
ತಿರುಗಿ ನೋಡಿದರೆ
ಹುಡುಗರೂ ಇಳಿದು ನೂಕುತ್ತಿದ್ದಾರೆ,
ನಸರೀನ್ ಕೂಡ.
"ಹತ್ಕೊಂಡು ಹೋಗ್ರೆಪಾ" ಅಂದೆ.
"ಕಾಲು ನೋಯ್ಲಾಕತ್ತಾವ್ರಿ ಅಕ್ಕೋರೆ"
ಅಂದ ಹದಿನೇಳರ ವೈಜಿನಾಥ,
ಒಂದೇ ಕೈಯಲ್ಲಿ ಸೈಕಲ್ಲು ನೂಕುತ್ತ,
ಇನ್ನೊಂದರಲ್ಲಿ ಸುಲಗಾಯಿ ಸುಲಿಯುತ್ತ.