ಕುತ್ತಿಗೆಪಟ್ಟಿಯ ಒಳಗೆ

ಸಿದ್ರಾದಲ್ಲಿ ಒಂದೇ ಲಾಂಡ್ರಿ. ನಮ್ಮದು.
ಪೆಟ್ರೋಲ್ ಬಂಕಿನ ಪಕ್ಕ, ಮೇಕೆಸಂತೆಗೆ ಬೆನ್ನು ಹಾಕಿ.
ಊರ ನಡುವೆ ಫಲಜಿನ ಕಾಲುವೆ, ಒಂದು ಮೊಳ ಅಗಲ;
ಅದರ ಮೇಲಿನವರು ಖಲ್ಫಾನನ ಕಡೆ,
ಕೆಳಗಿನವರು ಮುಸಲ್ಲಮನ ಕಡೆ.
ಯಾಕೆ ಅಂತ ಕೇಳಿದರೆ
ಅಜ್ಜಂದಿರ ಕಾಲದ ಒಂದು ರಾತ್ರಿಯ ನೀರಿನ ಸರದಿ ಹೇಳುತ್ತಾರೆ,
ಯಾರೋ ನಕ್ಷತ್ರ ತಪ್ಪು ಎಣಿಸಿದ್ದನಂತೆ.
ಆ ಎಣಿಕೆ ಇನ್ನೂ ಮುಗಿದಿಲ್ಲ.

ನನಗೆ ಇಲ್ಲಿ ಓಟಿಲ್ಲ. ಊರಲ್ಲೂ ಇಲ್ಲ:
ಹಿರಿಯಡ್ಕದ ಪಟ್ಟಿಯಿಂದ ಹೆಸರು ತೆಗೆದಿದ್ದಾರೆ,
ಸ್ಥಳದಲ್ಲಿಲ್ಲ ಎಂದು ಬರೆದು. ಸುಳ್ಳಲ್ಲ.
ಆದರೆ ಜೇಬು ನೋಡದೆ ಬಟ್ಟೆ ನೀರಿಗೆ ಹಾಕುವಂತಿಲ್ಲ,
ನಮ್ಮ ಕಸುಬಿನ ಮೊದಲ ಪಾಠ ಅದು.
ಹಾಗಾಗಿ ಅಕ್ಟೋಬರಿನ ಆ ಮೂರು ವಾರ
ಎರಡೂ ಕೇರಿಯ ಮನಸ್ಸು ನನ್ನ ಮೇಜಿಗೆ ಬರುತ್ತಿತ್ತು,
ಖರ್ಜೂರದ ಬೀಜ, ಔಷಧಿ ಚೀಟಿ,
ಮುದುರಿದ ನೂರು ಬೈಸಾ ನೋಟುಗಳ ಜೊತೆ.

ಹಮ್ದಾನನ ಜೇಬಿನಲ್ಲಿ ಇಬ್ಬರದೂ ಚಿತ್ರ.
ಆತ ಮೇಕೆ ದಲ್ಲಾಳಿ, ಅರ್ಥವಾಗುತ್ತದೆ.
ಖಲ್ಫಾನನ ಸ್ವಂತ ಅಳಿಯನ ಜೇಬಿನಲ್ಲಿ
ಖಲ್ಫಾನನೇ, ನಾಲ್ಕು ಮಡಿಕೆಯಾಗಿ,
ಹಲ್ಲುಕಡ್ಡಿ ಸುತ್ತಿಕೊಂಡು.
ಮತ್ತೆ ಶಾಲೆಯ ಹೆಡ್‌ಮಿಸ್ಸು ಝುವೈನಾ.
ಸಣ್ಣ ಚೀಟಿ, ಫೋಟೊ ಇಲ್ಲ, ಹೆಸರು ಮತ್ತು ಅಂಕೆ ಮಾತ್ರ.
ಮೊದಲ ವಾರ ಎರಡು. ಆಮೇಲೆ ಒಂಬತ್ತು.
ಹೆಂಗಸಿಗೆ ಶೂರಾ ಯಾಕೆ ಎಂದು ಮಸೀದಿ ಮೆಟ್ಟಿಲಲ್ಲಿ
ಎಲ್ಲರನ್ನೂ ನಗಿಸುತ್ತಿದ್ದ ಸುವೈದನ ಎದೆಜೇಬಿನಲ್ಲೂ ಒಂದು,
ಬೆವರಿಗೆ ಅಂಟಿಕೊಂಡು.
ಲುತ್ಫರ್, ಜೊತೆಯ ಬಂಗಾಳಿ, ಹೇಳಿದ: ಎಸೆ, ನಮಗ್ಯಾಕೆ.
ನಾನು ಇಸ್ತ್ರಿಯ ತುದಿಯಲ್ಲಿ ಒಣಗಿಸಿ
ಇದ್ದ ಮಡಿಕೆಯಲ್ಲೇ ಇದ್ದ ಜೇಬಿಗೇ ಇಟ್ಟೆ.

ಮತದಾನದ ಮರುದಿನ
ತೋಳಿಗೆ ಮಸಿ ಮೆತ್ತಿಕೊಂಡು ಬಂದವು ಬಿಳಿ ದಿಶ್‌ದಾಶಾಗಳು.
ಮೇಲ್ಕೇರಿಯದೂ ಅದೇ ಕಪ್ಪು, ಕೆಳಕೇರಿಯದೂ ಅದೇ.
ನಿಂಬೆ, ಉಪ್ಪು, ಬ್ಲೀಚು, ಮಾಲಿಕನ ಬೈಗುಳ,
ಯಾವುದಕ್ಕೂ ಜಗ್ಗಲಿಲ್ಲ.
ಓಟಿನ ಮಸಿ ನಮ್ಮ ಮೈಸೂರಿನಿಂದ ದೇಶದೇಶಕ್ಕೆ ಹೋಗುತ್ತದಂತೆ;
ಇದೂ ಅಲ್ಲಿಯದೋ ಏನೋ, ಬಾಟಲಿ ನಾನು ಕಂಡಿಲ್ಲ.
ಉಜ್ಜುತ್ತ ಉಜ್ಜುತ್ತ ಒಂದು ಥರ ಹೆಮ್ಮೆಯಾಯಿತು,
ಯಾರಿಗೆ ಹೇಳುವುದು ತಿಳಿಯಲಿಲ್ಲ.

ಅಜ್ಜಿ ಹೇಳುತ್ತಿದ್ದಳು: ಕರಿಗೇರಿನ ಗುರುತು
ಬಟ್ಟೆ ಹರಿದರೂ ಹೋಗಬಾರದು, ಒಳಗಿರಬೇಕು,
ಉಟ್ಟವನ ಕಣ್ಣಿಗೆ ಬೀಳಬಾರದು.
ನಾನೂ ಕುತ್ತಿಗೆಪಟ್ಟಿಯ ಒಳಗೆ ಹಾಗೇ ಹಾಕುತ್ತೇನೆ,
ಪೆನ್ನು ಬೇರೆ, ಅಷ್ಟೆ:
ಮೇಲ್ಕೇರಿಗೆ ಚುಕ್ಕೆ, ಕೆಳಕೇರಿಗೆ ಗೆರೆ.

ಮುಸಲ್ಲಮ್ ಗೆದ್ದ. ಹನ್ನೊಂದು ಮತ ಮುಂದೆ.
ಝುವೈನಾಗೆ ಎಪ್ಪತ್ತಮೂರು.
ಯಾರು ಹಾಕಿದರೋ ಎಂದು ಊರಿಗೆ ಊರೇ ಕೇಳಿತು,
ಮೇಲಿನವರು ಕೆಳಗಿನವರನ್ನು ನೋಡಿ,
ಕೆಳಗಿನವರು ಮೇಲಿನವರನ್ನು.
ಸುವೈದ್ ಎಲ್ಲರಿಗಿಂತ ಜೋರಾಗಿ.

ಸಂಜೆ ಬಂದ. ಮಸಿ ಹೋಗಿಲ್ಲವೆಂದು ರೇಗಿದ.
ಎದೆಜೇಬು ಮುಟ್ಟಿ ನೋಡಿಕೊಂಡ.
ನನ್ನ ಮುಖ ನೋಡಿದ. ನಾನು ಬಿಲ್ಲು ನೋಡಿದೆ.
ಮುನ್ನೂರು ಬೈಸಾ, ಬಾಬಾ.
ಐನೂರು ಇಟ್ಟು ಹೋದ, ಚಿಲ್ಲರೆಗೆ ನಿಲ್ಲದೆ.

ಈಗ ಓಟು ಫೋನಿನಲ್ಲಿ.
ತೋಳೆಲ್ಲ ಬಿಳಿ, ಜೇಬಿನಲ್ಲಿ ಬರೀ ಖರ್ಜೂರದ ಬೀಜ.
ಊರು ಈ ಸಲ ಎತ್ತ ವಾಲಿತು, ನನಗೂ ಗೊತ್ತಾಗುವುದಿಲ್ಲ.
ಆದರೆ ಕೆಲವು ಕುತ್ತಿಗೆಪಟ್ಟಿಗಳ ಒಳಗೆ
ಚುಕ್ಕೆಯೂ ಇದೆ, ಪಕ್ಕದಲ್ಲೊಂದು ಗೆರೆಯೂ.
ಇದು ಯಾವ ಕೇರಿ, ಲುತ್ಫರ್ ಕೇಳುತ್ತಾನೆ.
ಅದು ಬೇರೆ ಲೆಕ್ಕ, ಅನ್ನುತ್ತೇನೆ,
ನೀನು ಇಸ್ತ್ರಿಗೆ ನೀರು ಹಾಕು.