ಮೂರನೆಯ ಕಡ್ಡಿ

ಆ ಮೇ ತಿಂಗಳು ಬಲಗೈ ಮುರಿದುಕೊಂಡಿದ್ದೆ,
ಥಿಬೊಡೋ ಮುದುಕನ ದೋಣಿಮನೆಯ ಏಣಿಯಿಂದ ಜಾರಿ.
ಹಾಗಾಗಿ ನಮ್ಮ ಸ್ಕೌಟ್ ಮೇಡಂ ಕೊಮೋ
ಸೀಮೆಸುಣ್ಣದ ತುಂಡೊಂದು ಕೊಟ್ಟು ಅಂದರು:
"ಇವತ್ತು ನೀನು ನೀರುನಾಯಿಯಲ್ಲ, ಲೀಲಂಡ್.
ಕೊಕ್ಕರೆಯೂ ಅಲ್ಲ, ಮುಳ್ಳುಹಂದಿಯೂ ಅಲ್ಲ.
ನೀನು ಬರೀ ಹಲಗೆ."

ಹಲಗೆಯಾಗುವುದು ಸುಲಭವೇ?
ಪ್ರತಿ ಮಂಗಳವಾರ ಸಂಜೆ
ಅಗ್ನಿಶಾಮಕ ಠಾಣೆಯ ಹಿಂಬದಿಯ ಕೋಣೆಯಲ್ಲಿ
ನೀರುನಾಯಿಗಳ ಹಸಿರಂಚಿನ ಸ್ಕಾರ್ಫಿಗೆ ನಿಯತ್ತಾಗಿದ್ದವನು,
ನಿದ್ದೆಯಲ್ಲೂ ಬೆರಳಾಡಿಸಿ ಗಂಟು ಕಟ್ಟುತ್ತಿದ್ದವನು,
ತಂಗಿಯ ಜಡೆಗೆ ಬಿಚ್ಚಲಾಗದ ಗಂಟು ಹಾಕಿ
ಒದೆ ತಿಂದವನು.

ಈಗ ಎಡಗೈಯಲ್ಲಿ, ಕಾಗೆ ಕಾಲು ಗುಬ್ಬಿ ಕಾಲು:
ಟೆಂಟು ಎತ್ತುವುದು. ಕೊಕ್ಕರೆ ಹತ್ತು, ನಾವು ಏಳು.
(ನಾವು ಅಂದೆನೇ? ಅಳಿಸಿ ಬರೆದೆ, ನೀರುನಾಯಿ ಏಳು.)
ಮುಳ್ಳುಹಂದಿಗಳ ಟೆಂಟು ಎದ್ದು ನಿಂತು, ಸುತ್ತ ನೋಡಿ,
ಯಾಕೋ ಬೇಡವೆನಿಸಿ ಮಲಗಿಬಿಟ್ಟಿತು. ಎರಡು ಅಂಕ;
ನಗಿಸಿದ್ದಕ್ಕೆ ಇನ್ನೊಂದು ಸೇರಿಸು ಅಂದರು ಮೇಡಂ.

ದಿಕ್ಸೂಚಿ ಹಿಡಿದು ಗುರುತು ಹುಡುಕುವ ಆಟದಲ್ಲಿ
ನಮ್ಮ ಕ್ಲೋವಿಸ್ ನಕ್ಷೆ ತಲೆಕೆಳಗೆ ಹಿಡಿದು
ಇಡೀ ತಂಡವನ್ನು ಪಾದ್ರಿಯ ಕೋಳಿಗೂಡಿಗೆ ಮುಟ್ಟಿಸಿದ.
ಸ್ಟ್ರೆಚರ್ ಓಟದಲ್ಲಿ ಮಾತ್ರ ನಾವೇ ಮುಂದು:
ಎರಡು ಕೋಲು, ಎರಡು ಕೋಟು, ನಡುವೆ ಪುಟ್ಟ ಆಂಬ್ರೋಸ್,
ಪ್ರಜ್ಞೆ ತಪ್ಪಿದವನ ಪಾತ್ರ,
"ಜೋರು, ಇನ್ನೂ ಜೋರು!" ಎಂದು ಕಿರುಚುತ್ತ.

ಕೊನೆಗೆ ಕಡಲ ದಂಡೆ.
ನಮ್ಮ ಫಂಡಿ ಕೊಲ್ಲಿಯ ನೀರು ಎಲ್ಲ ಊರ ನೀರಿನಂತಲ್ಲ.
ಮಧ್ಯಾಹ್ನ ಕೆಂಪು ಕೆಸರನ್ನು ಹಾಸಿಟ್ಟು ಹೋಗುತ್ತದೆ,
ಸಂಜೆ ಬರುತ್ತದೆ, ಆಳಿನ ಮೇಲೆ ಆಳು ನಿಂತಷ್ಟು ಎತ್ತರಕ್ಕೆ,
ಸಾಲ ಕೊಟ್ಟವನ ಹಾಗೆ, ಹೇಳಿದ ಹೊತ್ತಿಗೆ ಸರಿಯಾಗಿ.
ನಿಯಮ ಇಷ್ಟೇ: ತಂಡಕ್ಕೆ ಎರಡು ಬೆಂಕಿಕಡ್ಡಿ.
ಮೊಣಕಾಲೆತ್ತರಕ್ಕೆ ಬಿಗಿದ ದಾರ ಸುಟ್ಟು ಬೀಳಬೇಕು,
ನೀರು ಬಂದು ಕಟ್ಟಿಗೆ ಮುಟ್ಟುವ ಮೊದಲು.

ಬರ್ಚ್ ಮರದ ತೊಗಟೆ ಸುಲಿದು, ತೇಲಿಬಂದ ಸೌದೆ ಸೀಳಿ
ನಮ್ಮ ನಾಯಕ ಡೆಲ್ಬರ್ಟ್ ಮಂಡಿಯೂರಿದ.
ಮೊದಲ ಕಡ್ಡಿ ಗಾಳಿಯ ಪಾಲು.
ಎರಡನೆಯದು ಅವನದೇ ಉಸಿರಿನ ಪಾಲು.
ತಲೆಯೆತ್ತಿದ. ಮೇಡಂ ಆಚೆ, ನೀರಿನ ಕಡೆ ಮುಖ.
ಕಾಲುಚೀಲದ ಮಡಿಕೆಯೊಳಗಿಂದ
ಮೂರನೆಯದು ಬಂತು.

ಕಂಡೆ.
ಹಲಗೆಗೆ ಕಣ್ಣಿರುವುದಿಲ್ಲ ಅಂದುಕೊಂಡೆ.
ನಮ್ಮ ದಾರ ಪಟ್ಟನೆ ತುಂಡಾಯಿತು, ಎಲ್ಲರಿಗಿಂತ ಮೊದಲು.
ಅವರು ಕುಣಿದರು. ನಾನು ಹತ್ತು ಬರೆದೆ.
ಸೊನ್ನೆ ಸುತ್ತುವಾಗ ಕೈ ನಡುಗಿತು;
ಎಡಗೈ ತಾನೇ.

ಕೂಡಿ ನೋಡಿದರೆ ಸರಿಸಮ: ಕೊಕ್ಕರೆ ನಲವತ್ತೊಂದು, ನೀರುನಾಯಿ ನಲವತ್ತೊಂದು.
ಆಗ ಮೇಡಂ ಸಾಲು ನಿಲ್ಲಿಸಿ ಸಮವಸ್ತ್ರ ನೋಡುತ್ತ ಬಂದರು.
ಕ್ಲೋವಿಸನ ಕೊರಳು ಬೋಳು.
ಪಾದ್ರಿಯ ಕೋಳಿಗೂಡಿನ ಬೇಲಿಗೆ ಸಿಕ್ಕಿ
ಅವನ ಸ್ಕಾರ್ಫು ಇನ್ನೂ ಅಲ್ಲೇ ಹಾರಾಡುತ್ತಿತ್ತು.
"ಒಂದು ಕಳೆ," ಅಂದರು.
ಅಷ್ಟು ದುಂಡಗೆ ನಾನು ಯಾವ ಅಂಕಿಯನ್ನೂ ಬರೆದವನಲ್ಲ.

ಗೆದ್ದವರಿಗೆ ನಗ್ಗಿದ ಕೆಟಲ್, ಅದೇ ನಮ್ಮ ಟ್ರೋಫಿ;
ಜೊತೆಗೆ, ಅದರಲ್ಲೇ ಎಲ್ಲರಿಗೂ ಕೋಕೋ ಕಾಯಿಸುವ ಶಿಕ್ಷೆ.
ಕೊಕ್ಕರೆಗಳ ನಾಯಕಿ ನೊಯೆಲ್ಲಾ
ನನ್ನ ತಗಡಿನ ಲೋಟ ತುಂಬಿಸಿ, ಪಕ್ಕದಲ್ಲಿ ಕೂತು,
"ಇನ್ನೂ ಜಾಗವಿದೆಯಾ?" ಅಂದಳು, ಪ್ಲಾಸ್ಟರಿನ ಕಡೆ ಗಲ್ಲ ತೋರಿ.
ಮೂರೂ ತಂಡದ ಹೆಸರುಗಳ ಸಂದಿಯಲ್ಲಿ ಏನೋ ಗೀಚಿ
ಕೆಟಲ್ ಎತ್ತಿಕೊಂಡು ಮುಂದಿನವನ ಬಳಿ ಹೋದಳು.

ಮೂರು ಗೆರೆ. ಒಂದೊಂದರ ತಲೆಯಲ್ಲೂ ಒಂದು ಚುಕ್ಕೆ.
ಹೆಸರಿಲ್ಲ.

ನೀರು ಅಷ್ಟರಲ್ಲಿ ಬಂದು
ಯಾವ ತಂಡದ್ದೆಂದು ಕೇಳದೆ ಬೂದಿಯನ್ನೆಲ್ಲ ಒಯ್ದಿತ್ತು.
ಎದುರಿಗೆ ಡೆಲ್ಬರ್ಟ್, ಲೋಟ ಊದುತ್ತ.
ತೋಳಂಗಿ ಕೆಳಗೆಳೆದು ಮುಚ್ಚಿಕೊಂಡೆ.
ಮತ್ತೆ, ಯಾಕೋ, ಅವನಿಗೆ ಕಾಣುವ ಹಾಗೆ ಮೇಲೆ ಸರಿಸಿದೆ.

ನೋಡಿದ.
ತುಂಬ ಹೊತ್ತು ಊದುತ್ತಲೇ ಇದ್ದ,
ಎಂದೋ ಆರಿಹೋಗಿದ್ದ ಕೋಕೋವನ್ನು.