ಅಟ್ಟದ ಮೇಲಿನ ಕ್ರಿಯಾಪದ

ಕುಂಬಳೆ ಪೇಟೆಯಲ್ಲಿ ನನ್ನ ಹೊಲಿಗೆ ಅಂಗಡಿ.
ತಲೆ ಮೇಲೆ ಮರದ ಹಲಗೆಯ ಅಟ್ಟ.
ಅಲ್ಲಿ ಸಂಜೆ ಐದಕ್ಕೆ ಮಾಹೆಯ ಪವಿತ್ರನ್ ಮಾಷ್
ಕೆನಡಕ್ಕೆ ಹೊರಟ ನರ್ಸುಗಳಿಗೆ
ಫ್ರೆಂಚು ಬಾಯಿಪಾಠ ಮಾಡಿಸುತ್ತಾರೆ.
ಹನ್ನೊಂದು ಬಾಯಿ, ಒಂದೇ ಸಾಲು:
ತ್ಯು ಮ ಮಾಂಕ್, ತ್ಯು ಮ ಮಾಂಕ್.
ಹಲಗೆಯ ಸಂದಿಯಿಂದ ಧೂಳೂ ಉದುರುತ್ತದೆ
ಕತ್ತರಿಸಿಟ್ಟ ಬಿಳಿ ಬಟ್ಟೆಗೆ.

ಅಳತೆ ಕೊಡಲು ಇಳಿದು ಬಂದ
ಬೇಳದ ಜಸಿಂತಳನ್ನು ಕೇಳಿದೆ,
ದಿನಾ ಯಾರನ್ನು ಮಾರಾಯ್ತಿ, ಮಂಕು ಮಂಕು ಅಂತ ಬೈಯುವುದು?
ಕೈ ಅಗಲಿಸಿ ನಿಂತಲ್ಲೇ ನಕ್ಕಳು.
ಬೈಗುಳ ಅಲ್ಲ ಅಣ್ಣಾ, ಕ್ರಿಯಾಪದ.
ಪುಸ್ತಕ ಇಂಗ್ಲಿಷರಿಗಾಗಿ ಬರೆದದ್ದು,
ಅವರಿಗೆ ಇದು ಮಹಾ ಕಷ್ಟ ಅಂತೆ.
ಅವರು 'ನಾನು' ಎಂದೇ ಶುರು ಮಾಡುವುದು,
ನಾನು ನಿನ್ನನ್ನು ಮಿಸ್ ಮಾಡುತ್ತೇನೆ ಅಂತ.
ಫ್ರೆಂಚಿನಲ್ಲಿ ಹಾಗೆ ಜೋಡಿಸಿದರೆ
ನಾನಿಲ್ಲದೆ ನಿನಗೇ ಬೇಜಾರು ಅಂತ ಆಗಿಬಿಡುತ್ತದೆ,
ಒಳಮೈ ಹೊರಗೆ ಮಾಡಿ ಹೊಲಿದ ಹಾಗೆ.
ಅಲ್ಲಿ 'ನೀನು' ಮುಂದೆ. ನಾನು ಬರೇ 'ನನಗೆ'.

ತೋಳು ಹತ್ತೂವರೆ, ಬರೆದುಕೊಂಡೆ.
ಇದರಲ್ಲಿ ಕಷ್ಟ ಎಂತ ಉಂಟು?
ನನಗೆ ಹಸಿವೆ, ನನಗೆ ಜ್ವರ, ನನಗೆ ಮರೆವು.
ನಮ್ಮಲ್ಲಿ ಎಲ್ಲವೂ ತಾವಾಗಿ ಬಂದು ಕೂರುವುದೇ ಅಲ್ಲವಾ,
ನಾವು ಬರೇ ಜಗಲಿ.

ಬಸ್ಸು ತಪ್ಪಿದ್ದಕ್ಕೂ ಅದೇ ಪದವಂತೆ,
ಸಾರಿಗೆ ಉಪ್ಪು ಸಾಲದ್ದಕ್ಕೂ.
ಬೀಳುವುದರಲ್ಲಿದ್ದೆ, ಬೀಳಲಿಲ್ಲ, ಅದಕ್ಕೂ.
ಬಟ್ಟೆ ಅರ್ಧ ಮೀಟರು ಕಮ್ಮಿ ಬಿದ್ದರೆ?
ಮಾಷನ್ನು ಕೇಳಿ ಹೇಳುತ್ತೇನೆ, ಅಂದಳು.
ಹೇಳಲಿಲ್ಲ.

ಮೂರು ದಿನ ಆ ಸಾಲು ಪೆಡಲಿಗೆ ಸಿಕ್ಕಿ ತಿರುಗಿತು.
ಎರಡನೇ ಮಿಷನ್ನಿಗೆ ಹೊದಿಕೆ ಹಾಕಿ ಎರಡು ವರ್ಷ.
ಚನಿಯ ಜಗಳಾಡಿ ಹೋದದ್ದು ದೂರಕ್ಕೇನಲ್ಲ,
ರಸ್ತೆಯ ಆಚೆ ಬದಿಗೆ.
ಆ ಕಾಲರು ಕೆಡಿಸಿದ್ದು ಯಾರೆಂದು ಇನ್ನೂ ತೀರ್ಮಾನ ಆಗಿಲ್ಲ.
ಆಮೇಲೆ ಆರು ಪಥದ ಹೈವೇ ಬಂತು, ನಡುವೆ ಗೋಡೆ ಎದ್ದಿತು.
ಅವನ ಬೋರ್ಡಿನ ಮೇಲರ್ಧ ಮಾತ್ರ ಈಗ ಕಾಣುವುದು,
ಮಲಯಾಳದ್ದು.
ಕನ್ನಡದ್ದು ಗೋಡೆಯ ಕೆಳಗೆ.
ಕತ್ತರಿ ಹರಿತ ಮಾಡಿಸಲು ಅವನು ಯಾರಲ್ಲಿಗೆ ಹೋಗುತ್ತಾನೋ.

ನಿನ್ನೆ ಶಟರು ಅರ್ಧ ಎಳೆದು ಹೇಳಿ ನೋಡಿದೆ.
ತುಟಿಯಲ್ಲಿ ನಾಲ್ಕು ಗುಂಡುಪಿನ್ನು ಕಚ್ಚಿಕೊಂಡರೆ
ಆ ಮೂಗಿನ ದನಿ ಸರಿಯಾಗಿ ಬರುತ್ತದೆ.
ಕ್ಲಾಸು ಮುಗಿದಿತ್ತು, ಎಲ್ಲರೂ ಹೋಗಿದ್ದರು ಅಂದುಕೊಂಡಿದ್ದೆ.
ಮೇಲಿನಿಂದ ಮಾಷ್
ಕೋಲಿನಿಂದ ಹಲಗೆ ಕುಟ್ಟಿದರು:
ಇನ್ನೊಮ್ಮೆ.